ಪರದೆ ಬಟ್ಟೆಯ ಲಂಗ

ಕಡೂರಿನ ಒಂದು ಪ್ರೈಮರಿ ಶಾಲೆಗೆ ನಾನು ಟೀಚರಾಗಿ ಸೇರಿದ ಮಾರನೇ ವರ್ಷ ಆ ನಾಟಕ ಶುರುವಾಯಿತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತೆಂಗಿನಕಾಯಿ ಮಂಡಿಗಳ ಗುಮಾಸ್ತರು, ಆಫೀಸುಗಳ ನೌಕರರು, ಒಂದಿಬ್ಬರು ಮೇಷ್ಟ್ರುಗಳು ಸೇರಿ ಒಂದು ಹವ್ಯಾಸಿ ಸಂಘ ಕಟ್ಟಿಕೊಂಡು ವರ್ಷಕ್ಕೊಂದು ಸಾಮಾಜಿಕ ನಾಟಕ ಆಡುತ್ತಿದ್ದರು. ಆ ವರ್ಷದ್ದು ಗೌಡರ ಮನೆಯ ಕಥೆ. ಅಣ್ಣತಮ್ಮಂದಿರ ಪಾಲಿನ ಜಗಳ, ಒಬ್ಬ ಒಳ್ಳೆಯ ಸೊಸೆ, ಒಬ್ಬ ಕೆಟ್ಟ ಶಾನುಭೋಗ. ನಡುವೆ ಜನ ನಗಲಿ ಅಂತ ಒಬ್ಬಳು ಲಂಬಾಣಿ ಹೆಂಗಸು. ಕಥೆಗೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಗೌಡರ ಹಿತ್ತಿಲಿಗೆ ಬಂದು ಕೋಳಿ ಕದ್ದು, ಲಂಗದೊಳಗೆ ಬಚ್ಚಿಟ್ಟುಕೊಂಡು, ಸಿಕ್ಕಿಬಿದ್ದು, ಆಳುಗಳ ಕೈಲಿ ಒದೆ ತಿಂದು, ಕುಣಿಯುತ್ತಾ ಹೊರಟುಹೋಗುತ್ತಾಳೆ. ಕದ್ದೆಯಾ ಅಂತ ಗೌಡರು ಕೇಳಿದರೆ ಅವಳು ಹೇಳುವುದು ಒಂದೇ ಮಾತು: "ನಾನ್ ಕದ್ದಿಲ್ಲ ಸಾಮಿ, ಕೋಳಿ ತಾನೇ ಬಂದ್ತು."

ನಾನು ಲಂಬಾಣಿಯವಳು. ಅಜ್ಜಂಪುರದಲ್ಲಿ ಬಸ್ಸಿಳಿದು ಹೊಲಗಳ ನಡುವೆ ನಡೆದರೆ ಒಂದು ಬೋಳುಗುಡ್ಡ ಸಿಗುತ್ತದೆ, ಅದರ ಮಗ್ಗುಲಲ್ಲಿ ನಮ್ಮ ತಾಂಡಾ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆಯುವ ಕೆಲಸ. ಆ ಕೆಲಸ ಇದ್ದಿದ್ದರಿಂದ ನಾನು ಓದಿದೆ, ಟೀಚರ್ ಟ್ರೈನಿಂಗ್ ಮುಗಿಸಿದೆ, ಸೀರೆ ಉಟ್ಟು ಕೈಯಲ್ಲಿ ಬಳಪ ಹಿಡಿದೆ. ಅಮ್ಮ ಮಾತ್ರ ಹುಟ್ಟಿದಾಗಿನಿಂದ ತೊಟ್ಟಿದ್ದನ್ನೇ ತೊಡುತ್ತಿದ್ದಳು. ಕನ್ನಡಿ ಚೂರು, ಕವಡೆ, ಬಣ್ಣದ ದಾರ ಹಾಕಿ ಕಸೂತಿ ಮಾಡಿದ ಅಗಲದ ಲಂಗ, ನಮ್ಮ ಮಾತಿನಲ್ಲಿ ಫೇಟಿಯಾ. ಮೊಣಕೈಯಿಂದ ಮೇಲಕ್ಕೆ ಬಿಳಿ ಬಳೆಗಳು. ಸೀತಾಫಲದ ಕಾಲದಲ್ಲಿ ಗುಡ್ಡದ ಹಣ್ಣು ಕಿತ್ತು ಬುಟ್ಟಿಯಲ್ಲಿ ಹೊತ್ತು ಅಜ್ಜಂಪುರಕ್ಕೋ ಕಡೂರಿಗೋ ಹೋಗಿ ಮಾರುತ್ತಿದ್ದಳು. ಕಡೂರಿಗೆ ಬಂದಾಗ ಶಾಲೆಯ ಬಾಗಿಲಿಗೇ ಬಂದು ಮಕ್ಕಳಿಗೆಲ್ಲ ಒಂದೊಂದು ಹಣ್ಣು ಕೊಟ್ಟು ಹೋಗುತ್ತಿದ್ದಳು. ಹಾಗಾಗಿ ನಾನು ಯಾರ ಮಗಳು ಅನ್ನುವುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾಟಕವನ್ನು ಮೊದಲು ನೋಡಿದ್ದು ಜೊತೆಯ ಇಬ್ಬರು ಟೀಚರುಗಳ ಸಂಗಡ. ಲಂಬಾಣಿ ಹೆಂಗಸಿನ ಪಾರ್ಟು ಮಾಡುತ್ತಿದ್ದವನು ಒಂದು ಕಾಯಿ ಮಂಡಿಯ ಗುಮಾಸ್ತ. ದಪ್ಪಗಿದ್ದ, ನಗುಮುಖದ ಮನುಷ್ಯ. ದಾರಿಯಲ್ಲಿ ಸಿಕ್ಕ ಮಕ್ಕಳಿಗೆಲ್ಲ ಪೆಪ್ಪರಮೆಂಟು ಕೊಡುತ್ತಿದ್ದ. ಅವನು ರಂಗದ ಮೇಲೆ ಬಂದ ಕೂಡಲೇ ಶಿಳ್ಳೆ ಶುರುವಾಯಿತು. ಮುಖಕ್ಕೆ ಕೈಗೆಲ್ಲ ಎಣ್ಣೆ ಮಸಿ ಬಳಿದುಕೊಂಡಿದ್ದ. ನಮ್ಮಮ್ಮ ಗೋಧಿ ಬಣ್ಣದವಳು, ಆ ಗುಮಾಸ್ತನೇ ಅವಳಿಗಿಂತ ಕಪ್ಪಗಿದ್ದ. ಆದರೂ ಮಸಿ ಬೇಕಾಗಿತ್ತು. ಎದೆಗೆ ಎರಡು ತೆಂಗಿನ ಚಿಪ್ಪು ಕಟ್ಟಿಕೊಂಡಿದ್ದ. ಲಂಗ ಸಂಘದ ಹಳೇ ಪರದೆ ಕತ್ತರಿಸಿ ಹೊಲಿದದ್ದು, ಅದಕ್ಕೆ ಕನ್ನಡಿಯ ಬದಲು ಡಬ್ಬದ ತಗಡಿನ ಚೂರುಗಳನ್ನು ಅಂಟಿಸಿದ್ದರು. ಅವನು ಬಾಯಿ ಬಿಟ್ಟರೆ ಬರುತ್ತಿದ್ದ ಮಾತು ಎಲ್ಲಿಯದು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. 'ಬಂದ್ತು' ಅಂತ ನಮ್ಮವರು ಯಾರೂ ಅನ್ನುವುದಿಲ್ಲ. ಕಡೂರಿನವರೂ ಅನ್ನುವುದಿಲ್ಲ. ನಮ್ಮನ್ನು ಆಡಿಕೊಳ್ಳುವುದಕ್ಕೇ ಯಾರೋ ಕೂತು ಕಟ್ಟಿದ ಭಾಷೆ ಅದು.

ನಾನು ನಗದೇ ಕೂತಿದ್ದನ್ನು ನೋಡಿ ಪಕ್ಕದ ಟೀಚರು ಮೊಣಕೈಯಿಂದ ತಿವಿದು, ನಿಮ್ಮನ್ನು ನೋಡಿದರೆ ಯಾರೂ ಹಾಗೆ ಅಂದುಕೊಳ್ಳುವುದಿಲ್ಲ, ಬಿಡಿ ಅಂದರು. ಸಮಾಧಾನ ಹೇಳಿದೆ ಅಂತಲೇ ಅವರು ತಿಳಿದಿದ್ದರು. ಆಮೇಲೆ ನಾನು ಅವರ ಜೊತೆ ಊಟದ ಡಬ್ಬಿ ಬಿಚ್ಚುವುದನ್ನು ಬಿಟ್ಟೆ. 

ಆ ಗುಮಾಸ್ತನ ಮಗಳು ನನ್ನ ಕ್ಲಾಸಿನಲ್ಲೇ ಇದ್ದಳು. ಮೂರನೇ ತರಗತಿ. ಚುರುಕು ಹುಡುಗಿ, ಮಗ್ಗಿಯನ್ನು ಹಾಡಿನ ಹಾಗೆ ಹೇಳುತ್ತಿದ್ದಳು. ಅಪ್ಪನಿಗೆ ಬಿದ್ದ ಚಪ್ಪಾಳೆ ಕೇಳಿ ಅವಳಿಗೆ ಹೆಮ್ಮೆ. ನಾಟಕದ ಮಾರನೇ ದಿನ ಸ್ಲೇಟು ತೋರಿಸೋಕೆ ಬಂದವಳು ಮೆತ್ತಗೆ, "ಮಿಸ್, ನಮ್ಮಪ್ಪ ನಿಮ್ಮಮ್ಮನ ಪಾರ್ಟ್ ಮಾಡ್ತಾರೆ" ಅಂದಳು. ನಾನು ಸ್ಲೇಟಿನ ಮೇಲೆ ರೈಟು ಹಾಕಿ ಕಳಿಸಿದೆ. ಆ ಮಗುವಿನ ಮೇಲೆ ಕೋಪ ಬರಲಿಲ್ಲ. ಅದೆಲ್ಲ ಅವಳ ಅಪ್ಪನ ಪಾಲಿಗೆ ಕೂಡಿಕೊಳ್ಳುತ್ತಾ ಹೋಯಿತು.

ಕೆಲವೇ ವಾರದಲ್ಲಿ ನಾಟಕದ ಆ 'ತಾನೇ ಬಂದ್ತು' ಮಾತು ಊರೆಲ್ಲ ಹರಡಿತು. ಹೋಟೆಲಿನಲ್ಲಿ ಯಾರಾದರೂ ಎರಡನೇ ವಡೆ ತೆಗೆದುಕೊಂಡರೆ, ವಡೆ ತಾನೇ ಬಂದ್ತು ಸಾಮಿ. ಇಸ್ಪೀಟಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದರೆ, ಎಲೆ ತಾನೇ ಬಂದ್ತು ಸಾಮಿ. ಕಡೂರಿನಿಂದ ಬೀರೂರಿಗೆ, ಅಲ್ಲಿಂದ ಅಜ್ಜಂಪುರಕ್ಕೆ ಬಸ್ಸಿನ ಜೊತೆಗೇ ಅದೂ ಹೋಯಿತು. ನಾಟಕ ನೋಡದವರಿಗೂ ಆ ಮಾತು ಬಾಯಿಪಾಠವಾಯಿತು.

ಒಂದು ದಿನ ಅಮ್ಮ ಸೀತಾಫಲದ ಬುಟ್ಟಿ ಹೊತ್ತು ಬಸ್ಸು ಹತ್ತಿದ್ದಾಳೆ. ಕಂಡಕ್ಟರು ಟಿಕೆಟ್ಟು ಹರಿಯುವ ಮೊದಲು ಬುಟ್ಟಿಯ ಮೇಲಿನ ಬಟ್ಟೆ ತೆಗೆಯಲು ಹೇಳಿ, ಕೋಳಿ ತಾನೇ ಬಂದ್ತಾ ನೋಡೋಣ ಅಂದಿದ್ದಾನೆ. ಇಡೀ ಬಸ್ಸು ನಕ್ಕಿದೆ. ಅಮ್ಮ ಇದು ಏನೋ ಹೊಸ ಕಾನೂನು ಇರಬೇಕು ಅಂದುಕೊಂಡು ಬಟ್ಟೆ ತೆಗೆದು, ಹಣ್ಣುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ್ದಾಳೆ. ಅದಕ್ಕೂ ನಕ್ಕಿದ್ದಾರೆ. ಕಡೂರಿನಲ್ಲಿ ಇಳಿದವಳು ಸಂತೆಗೆ ಹೋಗದೆ ನೇರ ನನ್ನ ಬಾಡಿಗೆ ರೂಮಿಗೆ ಬಂದಳು. ಬುಟ್ಟಿ ಇಳಿಸಿ, ನೀರು ಕುಡಿದು, ಕಂಡಕ್ಟರು ತನ್ನ ಬುಟ್ಟಿಯಲ್ಲಿ ಕೋಳಿ ಯಾಕೆ ಹುಡುಕಿದ ಅಂತ ಕೇಳಿದಳು.

ನಾನು ನಾಟಕದ ವಿಷಯ ಎಲ್ಲವನ್ನೂ ಹೇಳಿದೆ. ಮಸಿ, ಚಿಪ್ಪು, ಪರದೆ ಬಟ್ಟೆಯ ಲಂಗ, ಯಾವುದನ್ನೂ ಮುಚ್ಚಿಡಲಿಲ್ಲ. ಅಮ್ಮ ಒಂದು ಹಣ್ಣು ಬಿಡಿಸಿ ತಿನ್ನುತ್ತಾ ಕೇಳಿದಳು. ಅವನು ಗಂಡಸಾ ಅಂತ ಒಮ್ಮೆ ಕೇಳಿದಳು. ಹೂಂ ಅಂದೆ. ಬೀಜಗಳನ್ನು ಅಂಗೈಯಲ್ಲಿ ಕೂಡಿಸಿಕೊಂಡು, ತಾನು ಅದನ್ನು ನೋಡಬೇಕು ಅಂದಳು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬಯ್ಯುವುದಕ್ಕೆ ನನಗೂ ಒಬ್ಬರು ಜೊತೆ ಬೇಕಾಗಿತ್ತು. ತರೀಕೆರೆಯಲ್ಲಿ ಒಂದು ಭಾನುವಾರ ನಾಟಕ ಸ್ಪರ್ಧೆ ಇಟ್ಟಿದ್ದರು. ಮಧ್ಯಾಹ್ನದಿಂದ ಒಂದರ ಹಿಂದೆ ಒಂದು ನಾಟಕ, ಅದರಲ್ಲಿ ಕಡೂರಿನದೂ ಒಂದು. ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ಅಮ್ಮ ಹಬ್ಬಕ್ಕೆ ತೊಡುವ ಫೇಟಿಯಾ ತೊಟ್ಟು, ತಲೆ ತುಂಬ ಹೊದ್ದು, ಎಲ್ಲ ಒಡವೆ ಹಾಕಿಕೊಂಡು ಬಂದಿದ್ದಳು. ಊರಿಗೆ ಊರೇ ಸೇರುವ ಕಡೆಗೆ ಹೋಗುವಾಗ ನಮ್ಮವರು ಹಾಗೇ ಹೋಗುವುದು.

ನಾಟಕದ ಹಾಲಿನಲ್ಲಿ ಹೆಂಗಸರ ಕಡೆಯ ಬೆಂಚಿನಲ್ಲಿ ಕೂತೆವು. ಪಕ್ಕದಲ್ಲಿದ್ದ ಇಬ್ಬರು ಎದ್ದು ಹಿಂದಕ್ಕೆ ಹೋದರು. ಅವರ ಜಾಗಕ್ಕೆ ತರೀಕೆರೆಯ ಒಬ್ಬ ಮುಸ್ಲಿಂ ಹೆಂಗಸು ಬಂದು ಕೂತು ಅಮ್ಮನನ್ನು ಮಾತಾಡಿಸಿದರು. ಅವರ ದಖನಿ ಉರ್ದುವಿಗೂ ನಮ್ಮ ಮಾತಿಗೂ ಅಲ್ಲಲ್ಲಿ ಹೋಲಿಕೆ ಇರುವುದರಿಂದ ಇಬ್ಬರಿಗೂ ಅರ್ಥವಾಗುತ್ತಿತ್ತು. ಈ ಕಸೂತಿಯೆಲ್ಲ ನೀವೇ ಹಾಕಿದ್ದಾ ಅಂತ ಅವರು ಕೇಳಿದರು. ಅಮ್ಮ ಲಂಗದ ಅಂಚು ಎತ್ತಿ ತೋರಿಸುತ್ತಿದ್ದಳು. ಅಷ್ಟರಲ್ಲಿ ನಾಟಕ ಶುರುವಾಯಿತು.

ಗುಮಾಸ್ತ ರಂಗದ ಮೇಲೆ ಬಂದ. ಕೋಳಿ ಕದ್ದ. ಆಳುಗಳು ಹಿಡಿದುಕೊಂಡು ಹಿಂಬದಿಗೆ ಒದೆಯತೊಡಗಿದರು. ಪ್ರತಿ ಒದೆಗೂ ಜನ ಚಪ್ಪಾಳೆ ತಟ್ಟುತ್ತಿದ್ದರು, ಪ್ರತಿ ಒದೆಗೂ ಅಮ್ಮನ ಗಂಟಲಲ್ಲಿ ಒಂದು ಸಣ್ಣ ಸದ್ದು ಬರುತ್ತಿತ್ತು. ಅವನು ಹೆಂಗಸಲ್ಲ, ಏಟೂ ನಿಜವಲ್ಲ ಅಂತ ಗೊತ್ತಿದ್ದೂ ಆ ಸದ್ದು ನಿಲ್ಲಲಿಲ್ಲ. ಒದೆಸಿಕೊಂಡು ಎದ್ದವನು ರಂಗದ ಅಂಚಿಗೆ ಬಂದ. ಅಲ್ಲಿಂದ ಅವನಿಗೆ ಅಮ್ಮ ಕಂಡಳು. ನಾಟಕದಲ್ಲಿ ಇಲ್ಲದ ಮಾತು ಅವನಿಗೆ ಅಲ್ಲೇ ಹೊಳೆಯಿತು. ಹುಬ್ಬಿನ ಮೇಲೆ ಕೈ ಇಟ್ಟು ಅಮ್ಮನ ಕಡೆ ಬಗ್ಗಿ, "ಓ ಅಕ್ಕಾ, ನೀನೂ ಬಂದ್ತಾ? ಕೋಳಿ ಎಲ್ಲೈತೆ, ಲಂಗದಾಗಾ?" ಅಂದ.

ಇಡೀ ಸಭೆ ನಮ್ಮ ಕಡೆ ತಿರುಗಿತು. ಹಿಂದಿದ್ದವರು ನೋಡುವುದಕ್ಕೆ ಬೆಂಚಿನ ಮೇಲೆ ಹತ್ತಿ ನಿಂತರು. ಮುಂದೆ ಕೂತಿದ್ದ ತೀರ್ಪುಗಾರರೂ ಹಿಂದೆ ತಿರುಗಿ ನಕ್ಕರು. ಪಕ್ಕದ ಆ ತಾಯಿ ಒಬ್ಬರೇ ನಗಲಿಲ್ಲ, ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ತಲೆ ತಗ್ಗಿಸಲಿಲ್ಲ. ಮುಖದ ಮೇಲೆ ಮುಸುಕನ್ನೂ ಎಳೆದುಕೊಳ್ಳಲಿಲ್ಲ. ಅವನ ಲಂಗವನ್ನೇ ನೋಡುತ್ತಿದ್ದಳು.

ನಾಟಕ ಮುಗಿದು ಮುಂದಿನದಕ್ಕೆ ಪರದೆ ಕಟ್ಟುತ್ತಿದ್ದಾಗ ಅಮ್ಮ ಎದ್ದಳು. ಹಾಲಿನ ಹಿಂದೆ ತಗಡು ಹೊದಿಸಿದ ಒಂದು ಕೋಣೆಯಲ್ಲಿ ವೇಷದವರು ಇದ್ದರು. ನಾನು ಅವಳ ಹಿಂದೆಯೇ ಹೋದೆ. ಗುಮಾಸ್ತ ಕೃತಕ ಕೂದಲು ಬಿಚ್ಚಿಟ್ಟು, ಮುಖದ ಮಸಿ ಹಾಗೇ ಇಟ್ಟುಕೊಂಡು ಟೀ ಕುಡಿಯುತ್ತಿದ್ದ. ಪಾರ್ಟು ಚೆನ್ನಾಗಿತ್ತು ಅಂತ ಹೇಳೋಕೆ ಬಂದಿದ್ದಾಳೆ ಅಂದುಕೊಂಡ ಅಂತ ಕಾಣುತ್ತದೆ, ಅದೇ ಸುಳ್ಳು ಭಾಷೆಯಲ್ಲಿ ಬಾ ತಾಯಿ ಅಂದ. ಸುತ್ತ ಇದ್ದವರು ನಕ್ಕರು.

"ಬಿಚ್ಚು," ಅಂದಳು ಅಮ್ಮ.

ಅವನಿಗೆ ಅರ್ಥವಾಗಲಿಲ್ಲ. ಅಮ್ಮ ಅವನ ಲಂಗಕ್ಕೆ ಬೆರಳು ತೋರಿಸಿದಳು. "ಅದ್ರಲ್ಲಿ ನನ್ನ ಮದ್ವೆ ಆಯ್ತು. ನಮ್ಮವ್ವ ಸತ್ತಾಗ ಅದ್ರಲ್ಲೇ ಕಳ್ಸಿದ್ವಿ. ಬಿಚ್ಚು."

ಅವನು ಸಂಘದ ಕಾರ್ಯದರ್ಶಿಯ ಮುಖ ನೋಡಿದ. ಕಾರ್ಯದರ್ಶಿ ಒಂದು ತಟ್ಟೆಯಿಂದ ಬಾಳೆಹಣ್ಣು ತೆಗೆದು ಅಮ್ಮನ ಕಡೆ ಚಾಚಿ, ಇದನ್ನು ತಗೊಂಡು ಹೋಗಮ್ಮ ಅಂದರು. ಅಮ್ಮ ಹಣ್ಣಿನ ಕಡೆ ನೋಡಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಅವನ ಲಂಗದ ಸೊಂಟಕ್ಕೆ ಕೈ ಹಾಕಿ ಎಳೆದಳು. ಹಳೇ ಪರದೆ ಬಟ್ಟೆ, ಸೊಂಟದಿಂದ ಅಂಚಿನವರೆಗೂ ಚರ್ರನೆ ಹರಿಯಿತು. ತಗಡಿನ ಚೂರುಗಳು ನೆಲದ ಮೇಲೆಲ್ಲ ಉದುರಿದವು. ಅವನು ಪಟ್ಟೆಪಟ್ಟೆ ಚಡ್ಡಿಯಲ್ಲಿ, ಎದೆಗೆ ಚಿಪ್ಪು ಕಟ್ಟಿಕೊಂಡು ನಿಂತ. ಈಗ ಯಾರೂ ನಗಲಿಲ್ಲ.

ಅವನು ಅಮ್ಮನನ್ನು ತಳ್ಳಿದ. ಅವಳು ವೇಷದ ಟ್ರಂಕಿನ ಮೇಲೆ ಬಿದ್ದಳು. ತೋಳಿನ ಬಳೆ ಒಡೆದು ಮೊಣಕೈ ಹತ್ತಿರ ಕೊಯ್ದುಕೊಂಡಿತು. ನಾನು ಹೋಗಿ ಅವನ ಕೆನ್ನೆಗೆ ಹೊಡೆದೆ. ಕೈ ಬೀಸಿ, ಪೂರ್ತಿ ಬಲದಿಂದ. ಅಂಗೈಯೆಲ್ಲ ಮಸಿಯಾಯಿತು. ಆ ಏಟಿನ ಬಗ್ಗೆ ನನಗೆ ಅವತ್ತೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ. ಇನ್ನೊಂದು ಹೊಡೆಯುವುದರೊಳಗೆ ಯಾರೋ ನನ್ನ ಕೈ ಹಿಡಿದುಕೊಂಡರು, ಇನ್ಯಾರೋ ನಮ್ಮಿಬ್ಬರನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರು. ನಮ್ಮ ಪಕ್ಕದಲ್ಲಿ ಕೂತಿದ್ದ ಆ ಹೆಂಗಸು ಹೊರಗೆ ಕಾಯುತ್ತಿದ್ದರು. ಹತ್ತಿರದಲ್ಲೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋಗಿ ಅಮ್ಮನ ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಬಸ್ಸು ಹತ್ತಿಸಿದರು. 

ಅದೇ ವಾರ ಇಬ್ಬರು ಪೊಲೀಸರು ತಾಂಡಾಕ್ಕೆ ಹೋದರು. ಸಂಘದವರು ದೂರು ಕೊಟ್ಟಿದ್ದರು. ಲಂಬಾಣಿ ಹೆಂಗಸೊಬ್ಬಳು ವೇಷದ ಕೋಣೆಗೆ ನುಗ್ಗಿ ಬೆಳ್ಳಿ ಗೆಜ್ಜೆ ಕದ್ದು, ತಡೆಯಲು ಹೋದ ಕಲಾವಿದರ ಉಡುಪು ಹರಿದಿದ್ದಾಳೆ ಅಂತ. ನನ್ನ ವಿಚಾರ ಅದರಲ್ಲಿ ಇರಲೇ ಇಲ್ಲ. ಸೀರೆ ಉಟ್ಟ ಟೀಚರ ಕೈಲಿ ಏಟು ತಿಂದೆ ಅಂತ ಬರೆಸುವುದು ಆ ಗುಮಾಸ್ತನಿಗೆ ನಾಚಿಕೆ. ಲಂಗದವಳು ಕದ್ದಳು ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಪೊಲೀಸರು ನಮ್ಮ ಮನೆಯ ರಾಗಿ ಮಡಕೆಗಳನ್ನು ಅಂಗಳಕ್ಕೆ ತಂದು ಬೋರಲು ಹಾಕಿದರು. ನಮ್ಮಲ್ಲಿ ಏನೂ ಸಿಗದೆ ಅಕ್ಕಪಕ್ಕದ ಮನೆಗಳಿಗೂ ನುಗ್ಗಿದರು. ಯಾರದೋ ಮನೆಯಲ್ಲಿ ಬಾಣಂತಿ ಮಲಗಿದ್ದ ಕೋಣೆಯನ್ನೂ ಬಿಡಲಿಲ್ಲ. ನಾನು ಸುದ್ದಿ ತಿಳಿದು ಓಡಿಹೋಗುವ ಹೊತ್ತಿಗೆ ಅವರು ಹೊರಟುಹೋಗಿದ್ದರು. ಅಪ್ಪ ಡ್ಯೂಟಿ ಬಿಟ್ಟು ಬಂದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ರಾಗಿಯಿಂದ ಮಣ್ಣು ಕೇರುತ್ತಿದ್ದ. ನನ್ನನ್ನು ನೋಡಿ, ನಿನ್ನ ಕೆಲಸಕ್ಕೆ ಏನಾದರೂ ತೊಂದರೆಯಾಗುತ್ತಾ ಅಂತ ಮಾತ್ರ ಕೇಳಿದ.

ತಾಂಡಾದವರು ಅಮ್ಮನ ಮೇಲೆ ತಿರುಗಿಬಿದ್ದರು. ಊರವರ ಹೊಲ, ಊರವರ ತೋಟ, ಊರವರ ಸಂತೆ ನಂಬಿಕೊಂಡು ಬದುಕುವ ನಾವು ಅವರ ಜೊತೆ ಜಗಳ ತೆಗೆದರೆ ನಾಳೆ ಕೂಲಿಗೆ ಕರೆಯುವವರು ಯಾರು ಅಂತ ಕೇಳಿದರು. ನಾಟಕದಲ್ಲಿ ಏನಿದ್ದರೆ ನಿನಗೇನು, ನೋಡದೇ ಇದ್ದಿದ್ದರೆ ಆಗುತ್ತಿತ್ತಲ್ಲ ಅಂದರು. ನನ್ನ ಸೋದರಮಾವನೇ ಹಾಗಂದ.  ತಾಂಡಾದ ನಾಯಕ ಅಂದರೆ ನಮ್ಮ ಹಿರಿಯ, ನ್ಯಾಯ ಹೇಳುವವನು. ಅವನು ಕಡೂರಿಗೆ ಹೋಗಿ ಸಂಘದವರ ಹತ್ತಿರ ರಾಜಿ ಮಾಡಿಕೊಂಡು ಬರೋಣ ಅಂತ ತೀರ್ಮಾನ ಮಾಡಿದ.

ಕಾಯಿ ಮಂಡಿಯ ಜಗುಲಿಯಲ್ಲಿ ಮಾತುಕತೆ ಆಯಿತು. ಒಳಗೆ ಕೊಬ್ಬರಿ ಒಡೆಯುವ ಆಳುಗಳು ಕೈ ನಿಲ್ಲಿಸಿ ಕೇಳುತ್ತಿದ್ದರು. ಕಾರ್ಯದರ್ಶಿಯೂ ಗುಮಾಸ್ತನೂ ಕುರ್ಚಿಯಲ್ಲಿ ಕೂತಿದ್ದರು. ನಾಯಕ ಮೆಟ್ಟಿಲ ಮೇಲೆ ಕೂತ. ಅಮ್ಮನೂ ನಾನೂ ನಿಂತಿದ್ದೆವು. ಕೂರಿ ಅಂತ ಯಾರೂ ಅನ್ನಲಿಲ್ಲ, ಅಂದಿದ್ದರೂ ನಾನು ಕೂರುತ್ತಿರಲಿಲ್ಲ.

ಗೆಜ್ಜೆ ಯಾವುದು, ಅವನ ಕಾಲಲ್ಲಿ ಗೆಜ್ಜೆಯೇ ಇರಲಿಲ್ಲವಲ್ಲ ಅಂತ ನಾನು ಕೇಳಿದೆ. ಕಾರ್ಯದರ್ಶಿ ಬೇಜಾರಿಲ್ಲದೆ, ಒಂದು ಸಣ್ಣ ವಿಷಯ ತಿಳಿಸಿಕೊಡುವವರ ಹಾಗೆ ಹೇಳಿದರು. "ಏನಾದ್ರೂ ಬರೀಬೇಕಲ್ಲಮ್ಮ. ಬರೀ ಲಂಗ ಹರಿದ್ರು ಅಂತ ಬರೆದ್ರೆ ಯಾರು ಬತ್ತಾರೆ?"

ಗುಮಾಸ್ತ ನಗುಮುಖ ತಂದುಕೊಂಡು ಮಾತಾಡಿದ. ಇದೆಲ್ಲ ಕಲೆ, ಇದರಲ್ಲಿ ಯಾರ ಮೇಲೂ ದ್ವೇಷ ಇಲ್ಲ, ನಿಮ್ಮ ಜನ ಅಂದರೆ ತನಗೆ ಪ್ರೀತಿ, ಊರಿಗೆ ಊರೇ ನಕ್ಕು ಸಂತೋಷಪಟ್ಟಿತು ಅಂದ. ನಾನು ಅವನ ಮಗಳಿಗೆ ಪಾಠ ಹೇಳುವವಳು, ಓದಿದವಳು, ಇಷ್ಟು ಅರ್ಥವಾಗುವುದಿಲ್ಲವಾ ಅಂದ.

"ಅಷ್ಟು ಸಂತೋಷ ಆಗೋದಾದ್ರೆ ಮುಂದಿನ ಸಲ ನಿಮ್ಮ ತಾಯಿ ಪಾರ್ಟು ಮಾಡಿ," ಅಂದೆ. "ಅವ್ರ ಸೀರೆ ಉಟ್ಕೊಳಿ, ಚಿಪ್ಪು ಕಟ್ಕೊಳಿ. ಕೋಳಿ ಅವ್ರ ಸೀರೆಯೊಳಗಿಂದ ಬರ್ಲಿ."

ಅವನ ಮುಖದ ನಗು ಹೋಯಿತು. ಎದ್ದು ನಿಂತ. "ನಮ್ಮನೆ ಹೆಂಗಸ್ರ ಮಾತು ಎತ್ತಬೇಡ."

ಅದುವರೆಗೆ ನನ್ನನ್ನು ಟೀಚರೇ, ನೀವು ಅನ್ನುತ್ತಿದ್ದವನು. ನಾನು ಅಮ್ಮನ ಕಡೆ ಕೈ ತೋರಿಸಿ, ಇವಳು ಯಾರ ಮನೆ ಹೆಂಗಸು ಅಂತ ಕೇಳಿದೆ. ಅವನು, ಸರ್ಕಾರ ನಮ್ಮಂಥವರನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ, ಅದಕ್ಕೇ ಈ ಬಾಯಿ ಅಂದ. ಕೊಬ್ಬರಿ ಆಳುಗಳಲ್ಲಿ ಯಾರೋ ಒಳಗೆ ನಕ್ಕರು. ಅವನ ಪ್ರೀತಿ ಎಷ್ಟು ಆಳದ್ದು ಅಂತ ನನಗೆ ಅವತ್ತು ತಿಳಿಯಿತು, ಪೆಪ್ಪರಮೆಂಟಿನ ಮೇಲಿನ ಕಾಗದದಷ್ಟು.

ಕಾರ್ಯದರ್ಶಿ ಅಮ್ಮನಿಗೆ, ತಪ್ಪಾಯ್ತು ಅಂತ ಒಂದು ಮಾತು ಹೇಳು, ದೂರು ವಾಪಸು ತೆಗೆದುಕೊಳ್ಳುತ್ತೇವೆ ಅಂದರು. ಅಮ್ಮ ಆ ದಿನ ಮೊದಲ ಸಲ ಬಾಯಿ ಬಿಟ್ಟಳು.

"ಗೆಜ್ಜೆ ನಾನು ನೋಡಿಲ್ಲ. ಲಂಗ ಹರಿದಿದ್ದು ನಾನೇ. ಇನ್ನೊಂದು ಹೊಲ್ಸಿದ್ರೆ ಅದನ್ನೂ ಹರೀತೀನಿ."

ನಾಯಕ ಗಾಬರಿಯಾಗಿ ಎದ್ದು, ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು, ಹೆಣ್ಣುಮಕ್ಕಳ ಮಾತು ಮನಸ್ಸಿಗೆ ಹಾಕಿಕೊಳ್ಳಬೇಡಿ, ತಾಂಡಾದ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಅಂತ ಬಗ್ಗಿದ. ಅವನ ಬೆನ್ನು ಬಗ್ಗಿದ್ದನ್ನು ನೋಡಿ ಅವರಿಗೆ ಸಮಾಧಾನವಾಯಿತು. ದೂರು ವಾಪಸಾಯಿತು. ಅಮ್ಮ ಮಾತ್ರ ನಾಯಕನ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು. ಅವನು ಸತ್ತಾಗಲೂ ಹೋಗಲಿಲ್ಲ. ಅವನು ಹಾಗೆ ಬಗ್ಗದಿದ್ದರೆ ನನ್ನ ಕೆಲಸ ಹೋಗುತ್ತಿತ್ತೇನೋ, ನನಗೆ ಗೊತ್ತಿಲ್ಲ. ಅಮ್ಮನ ಹತ್ತಿರ ಆ ಮಾತು ತೆಗೆಯುವ ಧೈರ್ಯ ನನಗೆ ಬರಲಿಲ್ಲ.

ಗುಮಾಸ್ತ ಮಗಳನ್ನು ನನ್ನ ಕ್ಲಾಸಿನಿಂದ ಬಿಡಿಸಿ ಬೇರೆ ಶಾಲೆಗೆ ಹಾಕಿದ. ನಾಟಕವನ್ನೂ ನಿಲ್ಲಿಸಲಿಲ್ಲ. ಮುಂದಿನ ವರ್ಷ ಲಂಬಾಣಿ ಹೆಂಗಸನ್ನು ತೆಗೆದು ಆ ಜಾಗಕ್ಕೆ ಒಬ್ಬ ಕಾಡುಮನುಷ್ಯನನ್ನು ತಂದರು. ಅದೇ ಗುಮಾಸ್ತ, ಅದೇ ಮಸಿ. ಲಂಗದ ಬದಲು ಸೊಂಟಕ್ಕೆ ಮಾವಿನ ಸೊಪ್ಪು, ತಲೆಗೆ ಕೋಳಿ ಪುಕ್ಕ, ಕೈಯಲ್ಲೊಂದು ಈಟಿ. ಹೆಬ್ಬೆ ಕಡೆಯ ಕಾಡಿನವನು ಅಂತ ಪರಿಚಯ ಮಾಡಿಸುತ್ತಿದ್ದರು. ಆ ಕಾಡಿನಲ್ಲಿ ಇರುವ ಜನ ಪಂಚೆ ಉಟ್ಟು ಅಂಗಿ ಹಾಕಿಕೊಂಡು ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗುತ್ತಾರೆ, ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಆದರೆ ಅವರು ಕಡೂರಿಗೆ ನಾಟಕ ನೋಡಲು ಬರುವವರಲ್ಲ. ಬಂದು ಬಿಚ್ಚು ಅನ್ನುವವರಲ್ಲ. ಸಂಘದವರು ಯೋಚನೆ ಮಾಡಿಯೇ ಅವರನ್ನು ಆರಿಸಿಕೊಂಡಿದ್ದರು. ಆ ಪಾರ್ಟಿಗೆ ಅವನಿಗೆ ಬಹುಮಾನವೂ ಬಂತು ಅಂತ ಕೇಳಿದೆ. ನಾನು ಆ ಸಂಘದ ಯಾವ ನಾಟಕಕ್ಕೂ ಮತ್ತೆ ಹೋಗಲಿಲ್ಲ.

ಸಿನಿಮಾ ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅಜ್ಜಂಪುರದ ಟೆಂಟಿಗೆ ರಜೆಯಲ್ಲಿ ತಾಂಡಾದ ಹೆಂಗಸರ ಜೊತೆ ಹೋಗುತ್ತಿದ್ದೆ. ಒಂದಷ್ಟು ಚಿತ್ರಗಳಲ್ಲಿ ನಮ್ಮ ವೇಷದ ಹುಡುಗಿ ಬರುತ್ತಿದ್ದಳು. ಬೆಳ್ಳಗೆ, ತೆಳ್ಳಗೆ, ಹೊಟ್ಟೆ ಕಾಣುವ ಹಾಗೆ ಲಂಗ ಇಳಿಸಿಕೊಂಡು ಬೆಂಕಿ ಸುತ್ತ ಕುಣಿಯುತ್ತಿದ್ದಳು. ಪಟ್ಟಣದ ಹೀರೋ ಅವಳನ್ನು ಇಷ್ಟಪಡುತ್ತಿದ್ದ. ಕೊನೆಯಲ್ಲಿ ಒಬ್ಬ ಮುದುಕ ಅಳುತ್ತಾ ಬಂದು, ಇವಳು ಲಂಬಾಣಿಯಲ್ಲ, ಚಿಕ್ಕಂದಿನಲ್ಲಿ ಕಳೆದುಹೋದ ಜಮೀನ್ದಾರರ ಮಗಳು ಅನ್ನುತ್ತಿದ್ದ. ಆಮೇಲೆ ಮದುವೆ. ನಮ್ಮ ಹೆಂಗಸರು ಸೀಬೆಹಣ್ಣು ಕಚ್ಚುತ್ತಾ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ನಾನು ಒಮ್ಮೆ, ಅವಳು ಜಮೀನ್ದಾರರ ಮಗಳಲ್ಲದೆ ನಮ್ಮವಳೇ ಆಗಿದ್ದರೆ ಅವನು ಮದುವೆಯಾಗುತ್ತಿದ್ದನಾ ಅಂತ ಕೇಳಿದೆ. ಅವರು ನನ್ನನ್ನು, ನೀನು ಯಾವುದನ್ನೂ ಖುಷಿಯಾಗಿ ನೋಡಲ್ಲ ಅಂತ ಬೈದರು.

ಎಂಬತ್ತರ ದಶಕದಲ್ಲಿ ತಾಂಡಾದ ಹುಡುಗಿಯರು ಫೇಟಿಯಾ ಬಿಟ್ಟರು. ಬೇಡ ಅಂತ ಯಾರೂ ಹೇಳಲಿಲ್ಲ. ಬಸ್ಸು ಹತ್ತುವಾಗ ಸೀರೆ ಉಟ್ಟರು, ಆಮೇಲೆ ಮನೆಯಲ್ಲೂ ಸೀರೆಯಲ್ಲೇ ಇದ್ದರು. ಕಸೂತಿ ಹಾಕುವ ಕೈಗಳು ಕಡಿಮೆಯಾದವು. ಹಳೇ ಲಂಗಗಳನ್ನು ಚಿಂದಿ ಕೊಳ್ಳುವವರು ಬಂದು ಪಾತ್ರೆ ಕೊಟ್ಟು ಒಯ್ದರು. ಅಮ್ಮ ಮತ್ತು ಅವಳ ವಾರಿಗೆಯ ಕೆಲವರು ಮಾತ್ರ ಉಳಿದರು. ನನಗೆ ಆ ಹೊತ್ತಿಗೆ ಅಜ್ಜಂಪುರಕ್ಕೇ ವರ್ಗವಾಗಿತ್ತು, ತಾಂಡಾದಿಂದಲೇ ಶಾಲೆಗೆ ಹೋಗಿ ಬರುತ್ತಿದ್ದೆ.

ಒಂದು ಬೆಳಿಗ್ಗೆ ಒಂದು ಜೀಪು ಬಂತು. ಕಡೂರಿನಲ್ಲಿ ಏನೋ ದೊಡ್ಡ ಸಮಾರಂಭ, ಮಂತ್ರಿಗಳು ಬರುತ್ತಾರೆ, ಟಿ.ವಿ.ಯವರೂ ಬರುತ್ತಾರೆ, ಒರಿಜಿನಲ್ ವೇಷದಲ್ಲಿ ಕುಣಿಯುವ ಹೆಂಗಸರು ಬೇಕು ಅಂದರು ಅದರಲ್ಲಿ ಬಂದಿದ್ದವರು. ಅವರಲ್ಲಿ ಒಬ್ಬರು ಅಮ್ಮನನ್ನು ನೋಡಿ ಸಂತೋಷದಿಂದ ಕ್ಯಾಮರಾ ತೆಗೆದರು. ಅಮ್ಮ ಕೈ ಅಡ್ಡ ಹಿಡಿದಳು. ಅಲ್ಲಿ ನಮ್ಮವರು ಮಾತಾಡುವುದು ಇರುತ್ತಾ ಅಂತ ನನ್ನ ಕೈಲಿ ಕೇಳಿಸಿದಳು. ಮಾತು ಏನೂ ಇಲ್ಲ, ಬರೀ ಡ್ಯಾನ್ಸು, ಹಾಡು ಕ್ಯಾಸೆಟ್ಟಿನಲ್ಲಿ ಹಾಕುತ್ತೇವೆ ಅಂದರು. ಹಾಗಾದರೆ ನಾನು ಬರುವುದಿಲ್ಲ ಅಂತ ಅವಳು ಒಳಗೆ ಹೋದಳು. ನಮ್ಮ ಸಂಸ್ಕೃತಿ ಉಳಿಸಲು ನಿಮ್ಮವರೇ ಸಹಕಾರ ಕೊಡದಿದ್ದರೆ ಹೇಗೆ ಅಂತ ಆ ಮನುಷ್ಯ ನನ್ನನ್ನು ಕೇಳಿದರು. ಇದನ್ನು ಹತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಹೇಳಬೇಕಾಗಿತ್ತು ಅಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸಲು ನನಗೆ ಇಷ್ಟವಿರಲಿಲ್ಲ.

ತಾಂಡಾದ ಹುಡುಗಿಯರು ಹೋದರು. ನನ್ನ ಅಣ್ಣನ ಮಗಳೂ ಹೋದಳು. ಅವರ ಹತ್ತಿರ ಫೇಟಿಯಾ ಇರಲಿಲ್ಲ, ಹಾಗಾಗಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿಯಿಂದ ತರಿಸಿದ್ದರು. ನಾನು ಹೋಗಿ ಶಾಮಿಯಾನದ ಹಿಂದೆ ನಿಂತೆ. ನೈಲಾನ್ ಲಂಗ, ಪ್ಲಾಸ್ಟಿಕ್ ಕನ್ನಡಿ, ಯಾರೋ ಹಾಕಿ ಬಿಟ್ಟ ಪೌಡರಿನ ವಾಸನೆ. ಅವರಿಗ್ಯಾರಿಗೂ ಸೊಂಟದ ದಾರ ಕಟ್ಟಲು ಬರುತ್ತಿರಲಿಲ್ಲ. ವೇಷದ ಅಂಗಡಿಯ ಆಳು ಕಟ್ಟಿಕೊಡುತ್ತಿದ್ದ. ನಾನು ಅಣ್ಣನ ಮಗಳ ಕೈ ಹಿಡಿದು, ನಡಿ ಮನೆಗೆ ಅಂದೆ.

ಅವಳು ಕೈ ಬಿಡಿಸಿಕೊಂಡಳು. "ನೀನು ಜಗಳ ಆಡ್ದೆ. ನಾನು ಕುಣೀತೀನಿ. ಟಿ.ವಿ.ಲಿ ಬರ್ತೀನಿ, ನಿಂಗೇನು?" ಅಂದಳು. ಸುತ್ತ ಇದ್ದ ಹುಡುಗಿಯರು ನನ್ನ ಕಡೆಯಲ್ಲ, ಅವಳ ಕಡೆ ಸರಿದು ನಿಂತರು.  ಅವಳ ಮೇಲೆ ಬಂದ ಕೋಪ ಎಷ್ಟಿತ್ತು ಅಂದರೆ ಅಲ್ಲಿ ನಿಲ್ಲಲಾರದೆ ಶಾಮಿಯಾನದ ಮುಂದಕ್ಕೆ ಬಂದು ಜನರ ನಡುವೆ ಕೂತೆ. ಅವರು ಕುಣಿದರು. ಚೆನ್ನಾಗಿ ಕುಣಿದರು, ಅದನ್ನು ಇಲ್ಲ ಅನ್ನಲಾರೆ. ಜನ ನಗಲಿಲ್ಲ, ಚಪ್ಪಾಳೆ ತಟ್ಟಿದರು. ಒಬ್ಬರು ಮೈಕಿನಲ್ಲಿ ಮುಗ್ಧ ಜನ, ಕಾಡಿನ ಮಕ್ಕಳು ಅಂತ ಹೊಗಳಿದರು. ಅಣ್ಣನ ಮಗಳು ಆಗ ಹೈಸ್ಕೂಲಿನಲ್ಲಿ ಗಣಿತಕ್ಕೆ ಮೊದಲು ಬರುತ್ತಿದ್ದಳು.

ಸಾಯಂಕಾಲ ಮನೆಗೆ ಬಂದಾಗ ಅಮ್ಮ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹುಡುಗಿ ಹೇಗೆ ಕುಣಿದಳು ಅಂತ ಕೇಳಿದಳು. ಚೆನ್ನಾಗಿ ಅಂದೆ. ಯಾವ ಹಾಡಿಗೆ ಅಂತ ಕೇಳಿದಳು. ಯಾವುದೋ ಸಿನಿಮಾದ್ದು ಅಂದೆ. ಅಮ್ಮ ಹಂಚಿನ ಮೇಲಿದ್ದ ರೊಟ್ಟಿ ಮಗುಚಿ ಹಾಕಿ, ಅವಳಿಗೂ ಒಂದು ತಟ್ಟೆ ತೆಗೆದಿಡು, ಹಸಿದು ಬರುತ್ತಾಳೆ ಅಂದಳು. ನಾನು ತೆಗೆದಿಡಲಿಲ್ಲ. ಅಮ್ಮನೇ ಎದ್ದು ತೆಗೆದಿಟ್ಟಳು.